ಓದದೇ ಇಟ್ಟ ಕಾಗದ

ಕೆಲವು ವರ್ಷಗಳ ಹಿಂದೆ ಆಫೀಸ್ ಕೆಲಸದ ಮೇಲೆ ಅಮೆರಿಕದ ನೆಬ್ರಾಸ್ಕಾ ರಾಜ್ಯದ ಲಿಂಕನ್ ಅನ್ನೋ ಊರಿನಲ್ಲಿ ಏಳು ತಿಂಗಳು ಇದ್ದೆ. ಊರು ದಾಟಿದರೆ ಕಣ್ಣು ಹಾಯುವಷ್ಟೂ ಮೆಕ್ಕೆಜೋಳದ ಹೊಲ, ಮೇಲೆ ದೊಡ್ಡ ಆಕಾಶ. ಅಲ್ಲಿ ನಮ್ಮ ಟೀಮಿನಲ್ಲಿ ಅರವತ್ತರ ಆಸುಪಾಸಿನ ಒಬ್ಬ ಮ್ಯಾನೇಜರ್ ಇದ್ದರು. ಮಿತಭಾಷಿ. ಒಂದು ಶುಕ್ರವಾರ ಮಧ್ಯಾಹ್ನ ಡಬ್ಬಿ ತೆರೆದು, "ತಗೋ, ನಮ್ಮಜ್ಜಿ ಮಾಡ್ತಿದ್ದ ತಿಂಡಿ, ನಿನಗೋಸ್ಕರ ಮಾಂಸ ಹಾಕದೆ ಎರಡು ಮಾಡಿದ್ದೀನಿ" ಅಂದರು. ಒಳಗೆ ಎಲೆಕೋಸು, ಈರುಳ್ಳಿ ತುಂಬಿ ಬೇಯಿಸಿದ ಬನ್. ನಮ್ಮ ಬೇಕರಿಯ ಸ್ಟಫ್ಡ್ ಬನ್ನಿನ ದೊಡ್ಡಣ್ಣನ ಥರ ಇತ್ತು. ಮಾಮೂಲಿನಲ್ಲಿ ಅದರೊಳಗೆ ದನದ ಮಾಂಸದ ಖೀಮಾನೂ ಇರುತ್ತೆ. ನೆಬ್ರಾಸ್ಕಾದಲ್ಲಿ ಅದನ್ನ 'ರಂಜಾ' ಅಂತಾರೆ, ಪಕ್ಕದ ಕಾನ್ಸಾಸ್‌ನಲ್ಲಿ 'ಬಿಯರಾಕ್' ಅಂತಾರೆ.

"ಇದು ಎಲ್ಲಿಯ ತಿಂಡಿ?" ಅಂತ ಕೇಳಿದೆ.

"ರಷ್ಯಾದ್ದು."

"ಓ, ನೀವು ರಷ್ಯನ್ನರಾ?"

"ಅಲ್ಲ, ಜರ್ಮನರು."

"ಜರ್ಮನಿಯಿಂದ ಯಾವಾಗ ಬಂದ್ರಿ?"

"ಜರ್ಮನಿಯಿಂದ ನಮ್ಮೋರು ಇಲ್ಲಿಗೆ ಬಂದೇ ಇಲ್ಲ."

ನಾನು ಬನ್ ಕೈಯಲ್ಲಿ ಹಿಡಿದು ಕಣ್ ಕಣ್ ಬಿಟ್ಟೆ. ಅವರು ನಕ್ಕರು. ಆ ಮೂರು ಉತ್ತರವೂ ನಿಜ ಅಂತ ನನಗೆ ಗೊತ್ತಾಗೋಕೆ ಉಳಿದ ಆರು ತಿಂಗಳು ಬೇಕಾಯ್ತು.

ಕಥೆ ಶುರುವಾಗೋದು ಒಬ್ಬ ಮಹಾರಾಣಿಯಿಂದ. ರಷ್ಯಾದ ಸಾಮ್ರಾಜ್ಞಿ ಎರಡನೆಯ ಕ್ಯಾಥರೀನ್ ಹುಟ್ಟಿನಿಂದ ಜರ್ಮನ್ ಹುಡುಗಿ. ಈಗ ಪೋಲೆಂಡಿಗೆ ಸೇರಿದ ಸ್ಟೆಟಿನ್ ಎಂಬಲ್ಲಿ 1729ರಲ್ಲಿ ಹುಟ್ಟಿ, ರಷ್ಯಾಕ್ಕೆ ಸೊಸೆಯಾಗಿ ಹೋಗಿ, 1762ರಲ್ಲಿ ಗಂಡನನ್ನೇ ಪಟ್ಟದಿಂದ ಇಳಿಸಿ ತಾನು ಕೂತವಳು. ಅವಳ ಕೈಯಲ್ಲಿ ವೋಲ್ಗಾ ನದಿಯ ಕೆಳದಂಡೆಯ ವಿಶಾಲ ಹುಲ್ಲುಗಾವಲಿತ್ತು. ಅಲ್ಲಿ ಉಳುವವರಿರಲಿಲ್ಲ, ತೆರಿಗೆ ಹುಟ್ಟುತ್ತಿರಲಿಲ್ಲ. ಅಲೆಮಾರಿ ಬುಡಕಟ್ಟುಗಳ ದಾಳಿ ಬೇರೆ. ಅತ್ತ ಜರ್ಮನ್ ಸೀಮೆಗಳು ಏಳು ವರ್ಷದ ಯುದ್ಧ ಮುಗಿಸಿ ಹಣ್ಣಾಗಿದ್ದವು. ಸೈನ್ಯಕ್ಕೆ ಮಕ್ಕಳನ್ನು ಕೊಟ್ಟು, ಸಾಲಕ್ಕೆ ಹೊಲ ಕೊಟ್ಟು ಜನ ಬೇಸತ್ತಿದ್ದರು.

1763ರ ಜುಲೈ 22ರಂದು ಕ್ಯಾಥರೀನ್ ಒಂದು ಪ್ರಕಟಣೆ ಹೊರಡಿಸಿದಳು. ಬನ್ನಿ, ಜಮೀನು ಕೊಡ್ತೀವಿ. ನಿಮ್ಮ ಧರ್ಮ ನಿಮಗೆ. ಖಾಲಿ ಜಾಗದಲ್ಲಿ ಊರು ಕಟ್ಟಿದರೆ 30 ವರ್ಷ ತೆರಿಗೆ ಇಲ್ಲ. ಬಡ್ಡಿಯಿಲ್ಲದ ಸಾಲ, ನಿಮ್ಮ ಊರಿನ ಆಡಳಿತ ನಿಮ್ಮದೇ. ಎಲ್ಲಕ್ಕಿಂತ ಮುಖ್ಯವಾದದ್ದು, ನಿಮ್ಮ ಮಕ್ಕಳು ಮೊಮ್ಮಕ್ಕಳು ಯಾರೂ ಸೈನ್ಯಕ್ಕೆ ಸೇರಬೇಕಿಲ್ಲ. ಎಂದೆಂದಿಗೂ.

ಇಂಥ ಆಫರ್ ಲೆಟರ್ ಬಂದರೆ ಯಾರು ಬಿಡ್ತಾರೆ ಹೇಳಿ! ಏಜೆಂಟರು ಊರೂರು ಸುತ್ತಿ ತಲೆಗಿಷ್ಟು ಅಂತ ಕಮಿಷನ್ ಎಣಿಸಿಕೊಂಡರು. 1764ರಿಂದ 1767ರ ಒಳಗೆ ಸುಮಾರು 30,000 ಜನ ಹೊರಟರು. ಅವರಲ್ಲಿ ಹೆಸ್ಸನ್ ಸೀಮೆಯವರು ಬಹಳ. ಬ್ಯೂಡಿಂಗನ್ ಎಂಬ ಪುಟ್ಟ ಊರು ಅವರು ಒಟ್ಟುಗೂಡುವ ಜಾಗವಾಗಿತ್ತು. ಸಂಸಾರಸ್ಥರಿಗೆ ಆದ್ಯತೆ ಅಂತ ತಿಳಿದು 1766ರಲ್ಲಿ ಅಲ್ಲಿನ ಚರ್ಚಿನಲ್ಲಿ ನೂರಾರು ಜೋಡಿಗಳು ಗಡಿಬಿಡಿಯಲ್ಲಿ ಮದುವೆಯಾದವು. ಆ ಮದುವೆ ದಾಖಲೆಗಳು ಇವತ್ತಿಗೂ ಇವೆ. ವಂಶವೃಕ್ಷ ಹುಡುಕೋರಿಗೆ ಅದೇ ಚಿನ್ನದ ಗಣಿ.

ಲ್ಯೂಬೆಕ್ ಬಂದರಿನಿಂದ ಹಡಗು, ಪೀಟರ್ಸ್‌ಬರ್ಗ್ ಹತ್ತಿರ ಇಳಿದು ರಾಣಿಗೆ ನಿಷ್ಠೆಯ ಪ್ರಮಾಣ, ಆಮೇಲೆ ನದಿ, ಗಾಡಿ, ಕಾಲ್ನಡಿಗೆ. ಸರಾತೊವ್ ತಲುಪುವ ಹೊತ್ತಿಗೆ ಕೆಲವರಿಗೆ ವರ್ಷವೇ ಕಳೆದಿತ್ತು. ಎಷ್ಟೋ ಜನ ದಾರಿಯಲ್ಲೇ ಸತ್ತರು. ಹೋಗಿ ನೋಡಿದರೆ ಮನೆಗಳಿಲ್ಲ. ಮೊದಲ ಚಳಿಗಾಲವನ್ನು ನೆಲದಲ್ಲಿ ಗುಂಡಿ ತೋಡಿ, ಮೇಲೆ ಕಡ್ಡಿ ಮಣ್ಣು ಹೊದಿಸಿ ಕಳೆದವರೇ ಹೆಚ್ಚು. ಬಂದವರಲ್ಲಿ ಬಡಗಿ, ನೇಕಾರ, ಚಮ್ಮಾರ ಎಲ್ಲ ಇದ್ದರು. ಯಾವ ಕಸುಬಾದರೂ ಮಾಡಬಹುದು ಅನ್ನೋ ಮಾತು ಕಾಗದದಲ್ಲೇ ಉಳಿಯಿತು, ಎಲ್ಲರೂ ನೇಗಿಲು ಹಿಡಿಯಬೇಕಾಯ್ತು. ವೋಲ್ಗಾ ದಂಡೆಯ ಜರ್ಮನ್ ರೈತರು ಅಂತ ಒಂದು ಜನಾಂಗ ಹುಟ್ಟಿದ್ದು ಹೀಗೆ. ಎರಡೂ ದಂಡೆ ಸೇರಿ ನೂರಕ್ಕೂ ಹೆಚ್ಚು ಹಳ್ಳಿಗಳು. ಅದರಲ್ಲಿ 1767ರಲ್ಲಿ ಕಟ್ಟಿದ ನೋರ್ಕಾ ಒಂದು. ನಮ್ಮ ಮ್ಯಾನೇಜರ ಮನೆತನದ ಊರು ಅದೇ.

ಅಲ್ಲಿ ಅವರು ನೂರು ವರ್ಷ ಜರ್ಮನರಾಗಿಯೇ ಉಳಿದರು. ಅವರದೇ ಚರ್ಚು, ಅವರದೇ ಶಾಲೆ, ಮದುವೆ ಸಂಬಂಧ ಅವರವರಲ್ಲೇ. ಮನೆಯಲ್ಲಿ ಹದಿನೆಂಟನೇ ಶತಮಾನದ ಹೆಸ್ಸನ್ ಆಡುಮಾತು. ಜರ್ಮನಿಯಲ್ಲಿ ಭಾಷೆ ಬದಲಾಗುತ್ತಾ ಹೋಯ್ತು, ಇವರದು ಮಾತ್ರ ಉಪ್ಪಿನಕಾಯಿ ಜಾಡಿಯಲ್ಲಿಟ್ಟ ಹಾಗೆ ಉಳಿಯಿತು. ರಷ್ಯನ್ನರಿಂದ ಕಲಿತದ್ದೂ ಉಂಟು. ಬಿಯರಾಕ್ ಅನ್ನೋ ಹೆಸರು ರಷ್ಯನ್ನರ 'ಪಿರೋಗ್'ನಿಂದ ಬಂತು ಅಂತ ಕೆಲವರು, ತುರ್ಕರ 'ಬೋರೆಕ್'ನಿಂದ ಅಂತ ಕೆಲವರು. ಅಂತೂ ಆ ಬನ್ನಿಗೆ ವೋಲ್ಗಾ ನೀರು ತಾಗಿದೆ.

ಕಲಿತ ಇನ್ನೊಂದು ಸಂಗತಿ ಜಮೀನಿನ ಪಾಲು. ಮೊದಲು ಒಂದು ಕುಟುಂಬಕ್ಕೆ 30 ದೆಸ್ಯಾತಿನಾ, ಅಂದರೆ ಹತ್ತಿರ ಹತ್ತಿರ 80 ಎಕರೆ ಅಂತ ಲೆಕ್ಕ. ಕ್ರಮೇಣ ರಷ್ಯನ್ ಹಳ್ಳಿಗಳ ಪದ್ಧತಿ ಬಂತು. ಜಮೀನು ಊರಿನದ್ದು, ಮನೆಯಲ್ಲಿ ಎಷ್ಟು ಗಂಡು ತಲೆಗಳಿವೆಯೋ ಅಷ್ಟು ಪಾಲು, ಕೆಲವು ವರ್ಷಕ್ಕೊಮ್ಮೆ ಮತ್ತೆ ಹಂಚಿಕೆ. ನ್ಯಾಯವಾಗೇ ಕಾಣುತ್ತೆ. ಆದರೆ ಮನೆಗೆ ಎಂಟು ಹತ್ತು ಮಕ್ಕಳು, ಊರಿನ ಜಮೀನು ಬೆಳೆಯಲ್ಲ. ನಾಕು ತಲೆಮಾರು ಕಳೆಯೋದ್ರೊಳಗೆ ಪಾಲು ಚಿಂದಿಯಾಯ್ತು. ಅದೂ ಅಲ್ಲದೆ ಈ ಸಲ ನನ್ನದಾದ ಪಟ್ಟಿ ಮುಂದಿನ ಸಲ ಬೇರೆಯವರದಾಗೋದಾದ್ರೆ ಯಾರು ಗೊಬ್ಬರ ಹಾಕ್ತಾರೆ? ಪಾಲು ಪಂಚಾಯ್ತಿಯ ಕಥೆ ನಮ್ಮ ಹಳ್ಳಿಗಳಿಗೂ ಹೊಸದಲ್ಲ, ಬಿಡಿ.

ಆಮೇಲೆ 'ಎಂದೆಂದಿಗೂ' ಅನ್ನೋ ಮಾತಿನ ಅವಧಿ ಮುಗಿಯಿತು. 1871ರಲ್ಲಿ ಎರಡನೆಯ ಅಲೆಕ್ಸಾಂಡರ್ ಸರ್ಕಾರ ವಲಸೆ ರೈತರ ವಿಶೇಷ ಸ್ಥಾನಮಾನ ರದ್ದು ಮಾಡಿತು. 1874ರಲ್ಲಿ ಎಲ್ಲರಿಗೂ ಕಡ್ಡಾಯ ಸೈನಿಕ ಸೇವೆ ಬಂತು, ಆರು ವರ್ಷ ಸಕ್ರಿಯ ಸೇವೆ. ನೂರ ಹನ್ನೊಂದು ವರ್ಷ ಬಾಳಿದ ಭರವಸೆ ಅದು.

ಅದೇ ವರ್ಷ ಹಳ್ಳಿಗಳ ಹಿರಿಯರು ಸೇರಿ ಅಮೆರಿಕಕ್ಕೆ ಕೆಲವರನ್ನು ಕಳಿಸಿ ನೋಡಿಸಿದರು. ಹೋದವರು ಬರುವಾಗ ಒಂದಿಷ್ಟು ಮಣ್ಣು, ಒಂದಿಷ್ಟು ಹುಲ್ಲು ಕಟ್ಟಿಕೊಂಡು ಬಂದರು. ರೈತ ನಂಬೋದು ಅದನ್ನೇ ತಾನೆ? ಅಮೆರಿಕದಲ್ಲಿ 1862ರ ಹೋಮ್‌ಸ್ಟೆಡ್ ಕಾಯ್ದೆ ಪ್ರಕಾರ ಐದು ವರ್ಷ ಉತ್ತು ವಾಸವಿದ್ದರೆ 160 ಎಕರೆ ನಿಮ್ಮದು. ರೈಲ್ವೆ ಕಂಪನಿಗಳು ಸರ್ಕಾರದಿಂದ ಪಡೆದ ಜಮೀನು ಮಾರಲು ಜರ್ಮನ್ ಭಾಷೆಯಲ್ಲೇ ಜಾಹೀರಾತು ಹಂಚುತ್ತಿದ್ದವು. ರಾಣಿಯ ಜಾಗದಲ್ಲಿ ರೈಲು ಕಂಪನಿ, ಅಷ್ಟೇ ವ್ಯತ್ಯಾಸ.

ಇಲ್ಲೊಂದು ಮಾತು ಹೇಳಲೇಬೇಕು. ಎರಡೂ ಕಡೆ ಇವರಿಗೆ ಸಿಕ್ಕಿದ್ದು 'ಖಾಲಿ ಜಮೀನು'. ವೋಲ್ಗಾದ ಹುಲ್ಲುಗಾವಲಿನಲ್ಲಿ ಕಲ್ಮಿಕರು, ಕಜಾಕರು ಕುದುರೆ ಕುರಿ ಮೇಯಿಸುತ್ತಿದ್ದರು. ನೆಬ್ರಾಸ್ಕಾ ಪಾನೀ ಬುಡಕಟ್ಟಿನವರ ನೆಲವಾಗಿತ್ತು. 1870ರ ದಶಕದ ಮಧ್ಯದಲ್ಲಿ ಪಾನೀ ಜನ ಅಲ್ಲಿಂದ ಕಿತ್ತು ಈಗಿನ ಓಕ್ಲಹೋಮಾ ಕಡೆಗೆ ಹೋಗಬೇಕಾಯ್ತು. ವೋಲ್ಗಾದ ರೈತರು ನೆಬ್ರಾಸ್ಕಾಕ್ಕೆ ಬರತೊಡಗಿದ್ದು ಸರಿಸುಮಾರು ಅದೇ ವರ್ಷಗಳಲ್ಲಿ. ನಮ್ಮ ಮ್ಯಾನೇಜರೇ ಒಮ್ಮೆ ಹೇಳಿದರು, "ನಮ್ಮೋರು ಎರಡು ಸಲ ಖಾಲಿ ಜಾಗಕ್ಕೆ ಬಂದ್ರು. ಎರಡು ಸಲಾನೂ ಅದು ಖಾಲಿ ಇರಲಿಲ್ಲ."

ಅವರ ಮುತ್ತಜ್ಜ ನೋರ್ಕಾ ಬಿಟ್ಟದ್ದು 1886ರಲ್ಲಿ, ಇಪ್ಪತ್ತನೇ ವಯಸ್ಸಿಗೆ. ಇನ್ನೊಂದು ವರ್ಷ ತಡೆದಿದ್ದರೆ ಸೈನ್ಯದ ಕರೆ ಬರುತ್ತಿತ್ತು. ಅಣ್ಣ ಹೊರಡಲಿಲ್ಲ. ಅಪ್ಪ ಅಮ್ಮನನ್ನು ನೋಡಿಕೊಳ್ಳೋರು ಬೇಕು, ಪಾಲಿನ ಜಮೀನು ಬಿಡೋಕಾಗಲ್ಲ. ಒಬ್ಬ ಹೋಗೋದು, ಒಬ್ಬ ಉಳಿಯೋದು. ಯಾರು ಸರಿಯಾದ ಲೆಕ್ಕ ಹಾಕಿದರು ಅಂತ ಆ ದಿನ ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ. ಅಣ್ಣನಿಗೆ ಕನಿಷ್ಠ ಮನೆ ಇತ್ತು, ತಮ್ಮನಿಗೆ ಒಂದು ಪೆಟ್ಟಿಗೆ.

ಈ ರಷ್ಯಾ ಜರ್ಮನರ ಗಂಟುಮೂಟೆಯಲ್ಲಿ ಏನೇನು ಬಂತು ಗೊತ್ತಾ? 1874ರಲ್ಲಿ ರಷ್ಯಾದ ದಕ್ಷಿಣ ಸೀಮೆಯಿಂದ ಬಂದ ಮೆನೊನೈಟ್ ಪಂಥದ ಜರ್ಮನ್ ರೈತರು ಕಾನ್ಸಾಸ್‌ಗೆ 'ಟರ್ಕಿ ರೆಡ್' ಅನ್ನೋ ಚಳಿಗಾಲದ ಗೋಧಿ ತಂದರು. ಮುಂದೆ ಕಾನ್ಸಾಸ್ ಅಮೆರಿಕದ ಗೋಧಿ ಕಣಜವಾಗಿದ್ದರಲ್ಲಿ ಆ ತಳಿಯ ಪಾಲು ದೊಡ್ಡದು. ಕೌಬಾಯ್ ಸಿನಿಮಾಗಳಲ್ಲಿ ಗಾಳಿಗೆ ಉರುಳಿಕೊಂಡು ಹೋಗುವ ಒಣಗಿದ ಮುಳ್ಳುಗಿಡದ ಉಂಡೆ ನೋಡಿದ್ದೀರಲ್ಲ, ಅದೂ ರಷ್ಯಾದ್ದೇ. 1870ರ ದಶಕದಲ್ಲಿ ಅಗಸೆ ಬೀಜದ ಜೊತೆ ಬೆರೆತು ಡಕೋಟಾಕ್ಕೆ ಬಂದ ಕಳೆ. ಅಪ್ಪಟ ಅಮೆರಿಕನ್ ಅನ್ನಿಸೋ ಆ ದೃಶ್ಯದಲ್ಲೂ ಒಬ್ಬ ವಲಸಿಗ ಉರುಳ್ತಾ ಇದ್ದಾನೆ.

ಎಲ್ಲರಿಗೂ 160 ಎಕರೆ ಸಿಗಲಿಲ್ಲ. ತಡವಾಗಿ ಬಂದವರಿಗೆ ಒಳ್ಳೆ ಜಮೀನು ಮುಗಿದಿತ್ತು. ಮುತ್ತಜ್ಜ ಲಿಂಕನ್‌ನ ರೈಲ್ವೆಯಲ್ಲಿ ಕೂಲಿಗೆ ಸೇರಿದರು. ಊರಿನ ತಗ್ಗಿನಲ್ಲಿ, ಹಳ್ಳದ ನೀರು ನುಗ್ಗುವ ಜಾಗದಲ್ಲಿ ಇವರ ಕೇರಿಗಳು. ಕಿರಿದಾದ ಸೈಟು, ಪುಟ್ಟ ಮನೆ, ಹಿಂದೆ ಬೇಸಿಗೆ ಅಡುಗೆಮನೆ. ಊರಿನವರು ಇವರನ್ನು ಕರೆಯುತ್ತಿದ್ದದ್ದು 'ರೂಶಿಯನ್ಸ್' ಅಂತ, ಅದೂ ಬೈಗುಳದ ದನಿಯಲ್ಲಿ. ವಸಂತ ಬಂತೆಂದರೆ ಸಂಸಾರ ಸಮೇತ ರೈಲು ಹತ್ತಿ ಪಶ್ಚಿಮ ನೆಬ್ರಾಸ್ಕಾದ, ಕೊಲೊರಾಡೊದ ಸಕ್ಕರೆ ಬೀಟ್‌ರೂಟ್ ಹೊಲಗಳಿಗೆ. ಸಾಲಿನಲ್ಲಿ ಹೆಚ್ಚಿನ ಸಸಿ ಕೀಳೋದು, ಕಳೆ ತೆಗೆಯೋದು, ಶರತ್ಕಾಲದಲ್ಲಿ ಗಡ್ಡೆ ಕಿತ್ತು ತಲೆ ಕತ್ತರಿಸೋದು. ಇಷ್ಟು ಎಕರೆಗೆ ಇಷ್ಟು ಅಂತ ಇಡೀ ಕುಟುಂಬದ ಗುತ್ತಿಗೆ. ಹಾಗಾಗಿ ಆರು ವರ್ಷದ ಮಗುವೂ ಒಂದು ಆಳು. ಬಾಲಕಾರ್ಮಿಕರ ಫೋಟೊಗಳಿಗೆ ಹೆಸರಾದ ಲೂಯಿಸ್ ಹೈನ್ 1915ರಲ್ಲಿ ಕೊಲೊರಾಡೊದ ಬೀಟ್ ಹೊಲಗಳಲ್ಲಿ ತೆಗೆದ ಚಿತ್ರಗಳಲ್ಲಿ ಕೈಗಿಂತ ದೊಡ್ಡ ಕೊಕ್ಕೆಗತ್ತಿ ಹಿಡಿದ ಮಕ್ಕಳಿದ್ದಾರೆ. 1910ರಲ್ಲಿ ಹುಟ್ಟಿದ ಮ್ಯಾನೇಜರ ಅಜ್ಜಿಯೂ ಆ ಹೊಲಗಳಲ್ಲಿ ಬೆಳೆದವರು. ಶಾಲೆ ಶುರುವಾಗಿ ಎರಡು ತಿಂಗಳಾದ ಮೇಲೆ ತರಗತಿಗೆ ಬರುತ್ತಿದ್ದರಂತೆ.

ಆಕೆ ಶಾಲೆಯಲ್ಲಿದ್ದಾಗಲೇ ಇನ್ನೊಂದು ಏಟು ಬಿತ್ತು. 1917ರಲ್ಲಿ ಅಮೆರಿಕ ಜರ್ಮನಿಯ ವಿರುದ್ಧ ಯುದ್ಧಕ್ಕೆ ಇಳಿಯಿತು. ನಿನ್ನೆಯವರೆಗೆ 'ರಷ್ಯನ್' ಅನ್ನಿಸಿಕೊಂಡವರು ರಾತ್ರೋರಾತ್ರಿ 'ಜರ್ಮನ್' ಆಗಿಬಿಟ್ಟರು! 1919ರಲ್ಲಿ ನೆಬ್ರಾಸ್ಕಾ ಒಂದು ಕಾನೂನು ತಂದಿತು. ಎಂಟನೇ ತರಗತಿ ಪಾಸಾಗುವವರೆಗೆ ಯಾವ ಮಗುವಿಗೂ ಇಂಗ್ಲಿಷ್ ಬಿಟ್ಟು ಬೇರೆ ಜೀವಂತ ಭಾಷೆ ಕಲಿಸುವಂತಿಲ್ಲ, ಖಾಸಗಿ ಶಾಲೆಯಲ್ಲೂ ಇಲ್ಲ.

1920ರ ಮೇ ತಿಂಗಳಲ್ಲಿ ಹ್ಯಾಂಪ್ಟನ್ ಎಂಬಲ್ಲಿನ ಒಂದು ಲೂಥರನ್ ಶಾಲೆಯಲ್ಲಿ ರಾಬರ್ಟ್ ಮೇಯರ್ ಎಂಬ ಮೇಷ್ಟ್ರು ಮಧ್ಯಾಹ್ನದ ವಿರಾಮದಲ್ಲಿ ಹತ್ತು ವರ್ಷದ ಹುಡುಗನಿಗೆ ಜರ್ಮನ್‌ನಲ್ಲಿ ಬೈಬಲ್ ಕಥೆ ಓದಿಸುತ್ತಿದ್ದರು. ಸರ್ಕಾರಿ ವಕೀಲ ಬಾಗಿಲಲ್ಲಿ ಬಂದು ನಿಂತ. ಮೇಷ್ಟ್ರು ನಿಲ್ಲಿಸಲಿಲ್ಲ. 25 ಡಾಲರ್ ದಂಡ ಬಿತ್ತು. ಅವರು ಕಟ್ಟಲು ಒಪ್ಪದೆ ಸುಪ್ರೀಂ ಕೋರ್ಟ್‌ವರೆಗೂ ಹೋದರು. 1923ರ ಜೂನ್ 4ರಂದು 7-2 ಬಹುಮತದಲ್ಲಿ ಕೋರ್ಟ್ ಆ ಕಾನೂನನ್ನು ಹೊಡೆದುಹಾಕಿತು. 'ಮೇಯರ್ ವರ್ಸಸ್ ನೆಬ್ರಾಸ್ಕಾ' ಅಂತ ಕಾನೂನು ಓದುವ ಮಕ್ಕಳು ಇವತ್ತಿಗೂ ಓದ್ತಾರೆ.

ಕೇಸು ಗೆದ್ದರು, ಸರಿ. ಆದರೆ ನಾಕು ವರ್ಷದಲ್ಲಿ ಅಪ್ಪ ಅಮ್ಮಂದಿರಿಗೆ ಪಾಠ ಆಗಿಹೋಗಿತ್ತು. ಮಕ್ಕಳಿಗೆ ಇಂಗ್ಲಿಷ್ ಸಾಕು, ತಂಟೆ ಬೇಡ. ಅಜ್ಜಿಗೆ ಮನೆಯ ಜರ್ಮನ್ ಮಾತು ಚೆನ್ನಾಗಿ ಬರುತ್ತಿತ್ತು. ಓದೋಕೆ, ಅದರಲ್ಲೂ ಹಿರಿಯರು ಬರೆಯುತ್ತಿದ್ದ ಹಳೇ ಮೋಡಿ ಬರವಣಿಗೆ ಓದೋಕೆ, ಬರಲೇ ಇಲ್ಲ.

ಈಗ ವೋಲ್ಗಾದಲ್ಲಿ ಉಳಿದ ಅಣ್ಣನ ಕಡೆ ಬರೋಣ. 1921ರಲ್ಲಿ ಬರ ಬಂತು. ಅದಕ್ಕೆ ಮೊದಲೇ ಬೋಲ್ಶೆವಿಕ್ ಸರ್ಕಾರ ಬಿತ್ತನೆ ಕಾಳು ಸಮೇತ ದವಸ ಎತ್ತಿಕೊಂಡು ಹೋಗಿತ್ತು. ಜನ ಹುಳುಗಳ ಹಾಗೆ ಸತ್ತರು. ಆಗ ಅಮೆರಿಕದ ಪೋರ್ಟ್‌ಲೆಂಡ್ ಮತ್ತು ಲಿಂಕನ್‌ನಲ್ಲಿದ್ದ ವೋಲ್ಗಾ ಜರ್ಮನರು ಪರಿಹಾರ ಸಂಘ ಕಟ್ಟಿ ಹಣ ಕಳಿಸಿದರು. ಬೀಟ್ ಹೊಲದ ಕೂಲಿ ದುಡ್ಡು ಅದು. 1924ರಲ್ಲಿ ಸೋವಿಯತ್ ಸರ್ಕಾರ ಅವರಿಗೊಂದು ಸ್ವಾಯತ್ತ ಗಣರಾಜ್ಯ ಕೊಟ್ಟಿತು, ಜರ್ಮನ್ ಭಾಷೆಯ ಶಾಲೆಗಳೂ ಇದ್ದವು. ಆದರೆ ಸಾಮೂಹಿಕ ಕೃಷಿಯ ಹೆಸರಲ್ಲಿ ಜಮೀನು, ದನ ಎಲ್ಲ ಹೋಯ್ತು. 1932-33ರಲ್ಲಿ ಮತ್ತೆ ಕ್ಷಾಮ. ವಿದೇಶದ ನೆಂಟರು ಡಾಲರ್ ಕಳಿಸಿದರೆ 'ತೊರ್ಗ್‌ಸಿನ್' ಎಂಬ ಸರ್ಕಾರಿ ಅಂಗಡಿಯಲ್ಲಿ ಹಿಟ್ಟು ಸಿಗುತ್ತಿತ್ತು. ಅಮೆರಿಕದ ಕಾಗದವೇ ಅನ್ನ.

ಆಮೇಲೆ ಹಿಟ್ಲರ್ ಸೋವಿಯತ್ ಒಕ್ಕೂಟದ ಮೇಲೆ ನುಗ್ಗಿದ. 1941ರ ಆಗಸ್ಟ್ 28ರಂದು ಹೊರಟ ಆದೇಶ, ವೋಲ್ಗಾ ಜರ್ಮನರ ನಡುವೆ ಸಾವಿರಾರು ಗೂಢಚಾರರಿದ್ದಾರೆ ಅಂತ ಆರೋಪಿಸಿ ಇಡೀ ಜನಾಂಗವನ್ನೇ ಗಡೀಪಾರು ಮಾಡಿತು. ಸೆಪ್ಟೆಂಬರ್‌ನ ಕೆಲವೇ ವಾರಗಳಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಗೂಡ್ಸ್ ರೈಲುಗಳಲ್ಲಿ ತುಂಬಿ ಸೈಬೀರಿಯಾಕ್ಕೆ, ಕಜಾಕಸ್ತಾನಕ್ಕೆ ಸಾಗಿಸಿದರು. ಮರುವರ್ಷ ಗಂಡಸರನ್ನು, ಬಳಿಕ ಹೆಂಗಸರನ್ನೂ 'ಕಾರ್ಮಿಕ ಸೈನ್ಯ' ಎಂಬ ಹೆಸರಲ್ಲಿ ಕಾಡು, ಗಣಿಗಳ ಬಿಟ್ಟಿ ದುಡಿಮೆಗೆ ಹಾಕಿದರು. 1955ರ ಡಿಸೆಂಬರ್‌ವರೆಗೆ ಅವರು ತಮ್ಮ ಗಡೀಪಾರಿನ ಹಳ್ಳಿ ಬಿಡುವಂತಿರಲಿಲ್ಲ. ಆಮೇಲೂ ವೋಲ್ಗಾಕ್ಕೆ ಮರಳುವಂತಿರಲಿಲ್ಲ. ಆ ಆರೋಪ ಆಧಾರವಿಲ್ಲದ್ದು ಅಂತ ಸರ್ಕಾರ ಒಪ್ಪಿದ್ದು 1964ರಲ್ಲಿ.

ಸೋವಿಯತ್ ಒಕ್ಕೂಟ ಕುಸಿಯುವ ಹೊತ್ತಿಗೆ ಜರ್ಮನಿ ಬಾಗಿಲು ತೆಗೆಯಿತು. ವೋಲ್ಗಾದವರು, ಕಪ್ಪು ಸಮುದ್ರದ ಕಡೆಯವರು ಎಲ್ಲ ಸೇರಿ 20 ಲಕ್ಷಕ್ಕೂ ಹೆಚ್ಚು ಮಂದಿ, ಇನ್ನೂರು ವರ್ಷಗಳ ಹಿಂದೆ ಪೂರ್ವಜರು ಬಿಟ್ಟ ದೇಶಕ್ಕೆ 'ಮರಳಿದರು'. ಜರ್ಮನಿಯ ಪ್ರಸಿದ್ಧ ಪಾಪ್ ಗಾಯಕಿ ಹೆಲೆನೆ ಫಿಷರ್ ಹುಟ್ಟಿದ್ದು 1984ರಲ್ಲಿ ಸೈಬೀರಿಯಾದ ಕ್ರಾಸ್ನೊಯಾರ್ಸ್ಕ್‌ನಲ್ಲಿ. ಅವರೂ ಇಂಥದೇ ಮನೆತನದವರು.

ಇಷ್ಟೆಲ್ಲ ನನಗೆ ಗೊತ್ತಾಗಿದ್ದು ಮ್ಯಾನೇಜರ ಮನೆಯ ಊಟದ ಮೇಜಿನ ಮೇಲೆ, ಒಂದು ತಗಡಿನ ಡಬ್ಬಿಯ ದೆಸೆಯಿಂದ. ಅಜ್ಜಿ ತೀರಿಕೊಂಡ ಮೇಲೆ ಸಿಕ್ಕ ಡಬ್ಬಿ ಅದು. ಒಳಗೆ ನೋರ್ಕಾದಿಂದ ಬಂದ ಕಾಗದಗಳು. ಮನೆಯಲ್ಲಿ ಒಬ್ಬರಿಗೂ ಓದೋಕೆ ಬರಲ್ಲ. ಲಿಂಕನ್‌ನಲ್ಲಿ ರಷ್ಯಾ ಜರ್ಮನರ ಇತಿಹಾಸ ಸಂಘವೊಂದಿದೆ, 1968ರಲ್ಲಿ ಶುರುವಾದದ್ದು. ಅಲ್ಲಿ ಪರಿಚಯವಾದ ಹಿರಿಯರೊಬ್ಬರು ಒಂದೊಂದಾಗಿ ಓದಿ ಇಂಗ್ಲಿಷಿಗೆ ಇಳಿಸಿಕೊಟ್ಟರು.

ಕೊನೆಯ ಕಾಗದ 1933ರದ್ದು. ಬರೆದದ್ದು ಉಳಿದ ಅಣ್ಣನ ಮಗ. ಅದು ತಲುಪುವ ಹೊತ್ತಿಗೆ ಲಿಂಕನ್‌ನ ಮುತ್ತಜ್ಜ ತೀರಿಕೊಂಡಿದ್ದರು. ಹೋದ ಸಲ ನೀವು ಕಳಿಸಿದ ಐದು ಡಾಲರ್‌ಗೆ ಹಿಟ್ಟು ತಂದೆವು, ಚಿಕ್ಕ ಮಗು ಉಳಿಯಲಿಲ್ಲ, ದೊಡ್ಡವಳು ಇದ್ದಾಳೆ. ಹೀಗೆ ಸಾಗುತ್ತೆ. ಕಡೆಗೆ, ದುಡ್ಡು ಕಳಿಸೋಕೆ ಆಗದಿದ್ದರೂ ಪರವಾಗಿಲ್ಲ, ಒಂದು ಸಾಲು ಬರೆಯಿರಿ, ನೀವಿದ್ದೀರಿ ಅಂತ ಗೊತ್ತಾದರೆ ಸಾಕು.

ಲಕೋಟೆ ಒಡೆದಿತ್ತು. ಉತ್ತರ ಹೋಗಿರಲಿಲ್ಲ.

"ಅಜ್ಜಿಗೆ ಓದೋಕೆ ಬರ್ತಿರಲಿಲ್ಲ, ನಿಜ," ಅಂದರು ಮ್ಯಾನೇಜರು. "ಆದರೆ ಕೇರಿಯಲ್ಲಿ ಓದಬಲ್ಲವರು ಐವತ್ತು ಜನ ಇದ್ರು. ಪಾದ್ರಿಗಳಿದ್ರು. ಯಾಕೆ ಓದಿಸ್ಲಿಲ್ಲ? 33ರಲ್ಲಿ ಇಲ್ಲೂ ಕೆಲಸ ಇಲ್ಲ, ಕೈಯಲ್ಲಿ ಕಾಸಿಲ್ಲ. ಒಳಗೆ ಏನು ಬರೆದಿರುತ್ತೆ ಅಂತ ಆಕೆಗೆ ಗೊತ್ತಿತ್ತು ಅನ್ಸುತ್ತೆ. ಓದಿಸಿದ್ರೆ ಉತ್ತರ ಕೊಡಬೇಕಾಗಿತ್ತು."

ಕಾಗದದಲ್ಲಿದ್ದ ಹೆಸರುಗಳನ್ನು ಹಿಡಿದು ಅವರು ಹುಡುಕುತ್ತಾ ಹೋದರು. ಆ 'ದೊಡ್ಡವಳು' ಬದುಕಿದ್ದರು! 87 ವರ್ಷ, ಜರ್ಮನಿಯ ಒಂದು ಸಣ್ಣ ಊರಿನಲ್ಲಿ. ನಾನು ಲಿಂಕನ್‌ನಲ್ಲಿದ್ದಾಗಲೇ ಒಂದು ಭಾನುವಾರ ವಿಡಿಯೊ ಕಾಲ್. ಇತ್ತ ಇವರ ಇಂಗ್ಲಿಷ್, ಅತ್ತ ಆಕೆಯ ರಷ್ಯನ್ ಬೆರೆತ ಹಳೇ ಜರ್ಮನ್, ನಡುವೆ ಆಕೆಯ ಮೊಮ್ಮಗನ ಅನುವಾದ. ಹದಿಮೂರನೇ ವಯಸ್ಸಿಗೆ ಗೂಡ್ಸ್ ರೈಲು, ಕಾರ್ಮಿಕ ಸೈನ್ಯದಲ್ಲಿ ಸತ್ತ ಅಪ್ಪ, ಕಜಾಕಸ್ತಾನದ ಶಾಲೆಯಲ್ಲಿ 'ಫ್ಯಾಸಿಸ್ಟ್' ಅಂತ ಕರೆಸಿಕೊಂಡ ಮಕ್ಕಳು, ಜರ್ಮನಿಗೆ ಬಂದ ಮೇಲೆ 'ರಷ್ಯನ್ನರು' ಅನ್ನುವ ಅಕ್ಕಪಕ್ಕದವರು. ಎಲ್ಲ ಹೇಳಿ ಆಕೆ ಕೇಳಿದ್ದು ಒಂದೇ ಪ್ರಶ್ನೆ. "ನಮ್ಮಪ್ಪ ತುಂಬಾ ದಿನ ಕಾದರು. ನೀವ್ಯಾಕೆ ಬರೀಲಿಲ್ಲ?"

ಮ್ಯಾನೇಜರು ಸುಮ್ಮನೆ ಕೂತಿದ್ದರು. ಕಡೆಗೆ, "ನಮಗೆ ಓದೋಕೆ ಬರಲಿಲ್ಲ" ಅಂದರು.

ಅನುವಾದ ಕೇಳಿಸಿಕೊಂಡು ಆಕೆ ತಲೆಯಾಡಿಸಿದರು. ಸ್ವಲ್ಪ ಹೊತ್ತಾದ ಮೇಲೆ ಹೇಳಿದರು: 1937ರಲ್ಲಿ ಅವರ ಊರಲ್ಲಿ ವಿದೇಶದಿಂದ ಕಾಗದ ಬಂದವರನ್ನು ಹುಡುಕಿ ಹುಡುಕಿ ಹಿಡಿದುಕೊಂಡು ಹೋದರಂತೆ. "ನೀವು ಬರೆಯದೇ ಇದ್ದದ್ದೇ ಒಳ್ಳೇದಾಯ್ತೇನೋ. ಅಪ್ಪ ಇನ್ನೊಂದು ನಾಕು ವರ್ಷ ನಮ್ಮ ಜೊತೆ ಇದ್ರು."

ಅದು ಕ್ಷಮೆಯಾ, ಸಮಾಧಾನವಾ, ಬರೀ ನಡೆದ ಸಂಗತಿಯಾ, ನನಗೆ ಇವತ್ತಿಗೂ ತಿಳಿದಿಲ್ಲ. ಮ್ಯಾನೇಜರಿಗೂ ತಿಳಿದಂತೆ ಕಾಣಲಿಲ್ಲ. ಕಾಲ್ ಮುಗಿದ ಮೇಲೆ ಅವರು ಎದ್ದು ಹೋಗಿ ಪಾತ್ರೆ ತೊಳೆಯತೊಡಗಿದರು.

ಬೆಂಗಳೂರಿಗೆ ವಾಪಸು ಬಂದ ವಾರ ಊರಿಗೆ ಫೋನ್ ಮಾಡಿದಾಗ ಅಮ್ಮನನ್ನ ಕೇಳಿದೆ, ಅಟ್ಟದ ಮೇಲೆ ಅಜ್ಜನ ಕಾಗದದ ಪೆಟ್ಟಿಗೆ ಇತ್ತಲ್ಲ, ಇದೆಯಾ ಅಂತ. "ಇದೆ, ಅರ್ಧ ಗೆದ್ದಲು ತಿಂದಿದೆ. ಎಲ್ಲ ಮೋಡಿ ಅಕ್ಷರ ಕಣೋ, ಯಾರು ಓದ್ತಾರೆ? ಒಲೆಗೆ ಹಾಕೋಣ ಅಂತಿದ್ದೆ" ಅಂದರು ಅಮ್ಮ.

ನಾನು ಬರೋವರೆಗೂ ಮುಟ್ಟಬೇಡಮ್ಮ ಅಂದೆ.